ಮಗ್ಗ ನಿಲ್ಲಿಸಿ ಕೇಳಿದ ಪದ

ಎಲ್ಲಿ ಹ್ವಾದ್ಯೋ ಅಣ್ಣಾ? — ಯಾರನ್ನು ಕೇಳಿದೆ ನಾನು, ಗೋಡೆಯನ್ನೋ, ಬುಟ್ಟಿಯ ನೂಲನ್ನೋ, ಕಿವಿಗೊತ್ತಿದ ಫೋನು ಇನ್ನೂ ಬೆಚ್ಚಗಿದೆ, ಒಳಗೆ ಯಾರೂ ಇಲ್ಲ, ಎರಡನೆಯ ಸಲವೂ ಪದದ ನಡುವೆಯೇ ಕಡಿಯಿತು, ಅಪ್ಪನ ಮೇಲೆ ಗುರುಸಿದ್ದಣ್ಣ ತಾನೇ ಕಟ್ಟಿದ ಪದ, ಮಸ್ಕತ್ತಿನ ಆಸ್ಪತ್ರೆಯ ಹಾಸಿಗೆಯಿಂದ ಹೇಳುತ್ತಿದ್ದ, ನಾಳಿ ಗಂಟಲಾ ಕೊಯ್ತಾರ ಮಾದೇವಿ, ಆಮ್ಯಾಲ ದನಿ ಇರಂಗಿಲ್ಲಂತ, ಇವತ್ತ ಪೂರಾ ಕೇಳಿಬಿಡು — ಬರೆದು ಕಳಿಸೋ ಅಂದರೆ, ಪದ ಕಿವೀಲೆ ಉಣ್ಣೂದು ಬೇ, ಕಣ್ಣೀಲೆ ಅಲ್ಲ, ಅಂತ ನಕ್ಕ, ನಕ್ಕದ್ದಕ್ಕೆ ಕೆಮ್ಮಿದ, ಕೊನೆಯ ನುಡಿಯಲ್ಲಿ ಅಪ್ಪನನ್ನು ಏನೆಂದು ಕರೆದಿದ್ದಾನೋ ನನಗೆ ಗೊತ್ತಿಲ್ಲ, ಕಂಡ ನಂಬರಿಗೆ ತಿರುಗಿ ಫೋನು ಹಚ್ಚಿದರೆ ಬರೀ ಕುಂಯ್ ಅನ್ನುತ್ತದೆ, ಅವನ ಕರೆ ಇಂಟರ್ನೆಟ್ಟಿನಲ್ಲಿ ಬಂದು ನಮ್ಮದೇ ಮಾಳಿಗೆಯ, ಸಿಮ್ ತುಂಬಿದ ಪೆಟ್ಟಿಗೆಗೆ ಇಳಿಯುತ್ತದೆ, ಪೆಟ್ಟಿಗೆ ಅದನ್ನು ಊರಿನ ಕರೆಯಂತೆ ಮಾಡಿ ನನಗೆ ದಾಟಿಸುತ್ತದೆ, ಆ ದಾರಿ ಇತ್ತ ಬರುವುದಕ್ಕಷ್ಟೇ, ಅತ್ತ ಹೋಗುವುದಕ್ಕಲ್ಲ, ಇವತ್ತು ಅಣ್ಣನ ಕೈಯಲ್ಲಿರುವುದೂ ಯಾರೋ ನರ್ಸಿನ ಫೋನು.

ಮೆಟ್ಟಿಲು ಹತ್ತಿ ಬಂದಿದ್ದೇನೆ, ಮಾಳಿಗೆಯ ಕೋಣೆಯನ್ನು ಬಾಡಿಗೆಗೆ ಹಿಡಿದ ಅಮಿತ ಪೆಟ್ಟಿಗೆಯ ಮುಂದೆ ಚುರುಮುರಿ ತಿನ್ನುತ್ತಿದ್ದಾನೆ, ಹಸಿರು ದೀಪಗಳು ಪಿಳಿಪಿಳಿ, ಯಾಕ ಕಡೀತೋ ಅಂದರೆ, ನೀವು ಸುಮ್ಮ ಕುಂತಿದ್ರೇನ್ರೀ ಅಕ್ಕಾರ, ಒಂದು ಬಾಜೂಕ ಸಪ್ಪಳ ಇಲ್ಲಂದ್ರ ಇದು ಲೈನ್ ಸತ್ತೈತಿ ಅಂತ ತಿಳಕೊಂಡು ಕಡೀತೈತ್ರಿ, ಪದಾ ಕೇಳಾಕತ್ತಿದ್ನೋ ತಮ್ಮಾ, ಪೆಟ್ಟಿಗಿಗೆ ಭಕ್ತಿ ತಿಳಿಯಂಗಿಲ್ರೀ, ಅದನ್ನ ಬದಲ್ ಮಾಡೂದು ಪೆಟ್ಟಿಗಿ ಮಾಲಕರ ಕೈಯಾಗೈತಿ, ಅವರು ಮುಧೋಳದಾಗ, ಫೋನ್ ಎತ್ತವಲ್ರು — ಹಾಗಾದರೆ ಇಷ್ಟು ದಿನ ಯಾಕೆ ಕಡಿಯಲಿಲ್ಲ, ದಿನಾ ಮಾತಾಡಿದ್ದೇವಲ್ಲ, ಮಳೆ ಬೆಳೆ ಊಟ ಅಂತ, ಓ, ದಿನಾ ಮಗ್ಗ ನಡೆದಿರುತ್ತಿತ್ತು, ಖಟಖಟ ಖಟಖಟ, ಇವತ್ತು ಪದ ಅಂತ ನಾನೇ ಕೈಯಾರೆ ನಿಲ್ಲಿಸಿದೆ, ಪದ ನಡೆದಾಗ ಲಾಳಿ ಓಡಬಾರದು, ಹೂಂ ಅನ್ನಲೂ ಬಾರದು, ಅಪ್ಪ ನಮ್ಮನ್ನು ಹಾಗೆ ಬೆಳೆಸಿದ, ತಾನು ಹಾಡುವಾಗ ಯಾರಾದರೂ ಪಿಸುಗುಟ್ಟಿದರೆ ಅಲ್ಲಿಗೇ ನಿಲ್ಲಿಸಿ ಕಣ್ಣು ಮುಚ್ಚಿಬಿಡುತ್ತಿದ್ದ, ಎಷ್ಟು ಬೇಡಿದರೂ ಮುಂದಿನ ನುಡಿ ಬರುತ್ತಿರಲಿಲ್ಲ, ಶಿವನೇ, ಸುಮ್ಮನಿರುವುದೇ ಕೇಳುವುದು ಅಂದುಕೊಂಡ ನನ್ನನ್ನು ಈ ಪೆಟ್ಟಿಗೆ ಸತ್ತವಳೆಂದು ಎಣಿಸಿತೇ.

ಓಡಿ ಇಳಿದು ಮಗ್ಗ ಹಚ್ಚಿದೆ, ಲಾಳಿ ಅತ್ತಿಂದಿತ್ತ, ನೆಲ ನಡುಗುತ್ತಿದೆ, ಇಳಕಲ್ ಸೀರೆಯ ಸೆರಗಿಗೆ ಬೇಕಾದ ಕೆಂಪು ಎಲ್ಲೋ ತಪ್ಪುತ್ತಿರಬೇಕು, ತಪ್ಪಲಿ, ಫೋನು ಬಂತು, ಅಣ್ಣನ ದನಿ ಮೊದಲಿಗಿಂತ ಸೊರಗಿದೆ, ನರ್ಸ್ ಫೋನ್ ಕೇಳಾಕತ್ತಾಳ, ಇದೊಂದ ಸಲಾ — ಹೇಳು ಅಣ್ಣಾ ಹೇಳು — ಒಂದು ನುಡಿ ಬಂತು, ಎರಡನೆಯದು ಅರ್ಧ ಬಂತು, ನಿಂತಿತು, ಅದೇನ ಸಪ್ಪಳ, ಮಗ್ಗ ಹಚ್ಚೀಯೇನ, ಹೌದಣ್ಣಾ, ಹಚ್ಚದಿದ್ದರ ಪೆಟ್ಟಿಗಿ ಕಡೀತೈತಿ, ಅಮಿತ ಹೇಳ್ಯಾನ, ನಾ ಕೇಳಾಕತ್ತೇನಿ, ಖರೇನ ಕೇಳಾಕತ್ತೇನಿ, ಬಂದ್ ಮಾಡು ಮಾದೇವಿ, ಬಂದ್ ಮಾಡಿದ್ರ ನೀ ಹೋಗ್ತಿ ಅಣ್ಣಾ, ಉಸಿರು ಕೇಳಿಸುತ್ತಿದೆ, ಸಮುದ್ರದಾಚೆಯ ಉಸಿರು, ನನ್ನ ಕೈ ಮಗ್ಗದ ಸ್ವಿಚ್ಚಿನ ಮೇಲೆ, ಅದುಮಿದರೆ ಕರೆಯ ಸಾವು, ಬಿಟ್ಟರೆ ಪದದ್ದು, ಕಾಲಿಗೆ ಬೀಳ್ತೇನಿ, ಒಂದ ನುಡಿ, ಕಡೀ ನುಡಿ ಅಷ್ಟ — ಲಾಳಿ ಅತ್ತ, ಲಾಳಿ ಇತ್ತ —

ಲಾಳಿ ಮುಂದ ಅಪ್ಪನ್ನ ನಾ ಕರಿಯಂಗಿಲ್ಲ ತಂಗಿ.