ಅಕ್ಕನ ಷೂ ಅಳತೆ

ಹದಿನೆಂಟು ವರ್ಷ ಅಕ್ಕನ ಸೈಕಲ್ ಅಂಗಡಿಯ ಕಡೆ ತಲೆ ಹಾಕಿಯೂ ಮಲಗದಿದ್ದ ತಂಗಿ ಅವತ್ತು ಬೆಳಿಗ್ಗೆ ಮಗಳ ಹೆಗಲು ಹಿಡಿದುಕೊಂಡು ಮೂರು ಮೆಟ್ಟಿಲು ಹತ್ತಿ ಬಂದಳು. ಪ್ರತಿ ಮೆಟ್ಟಿಲಿಗೂ ಮೊದಲು ಎಡಗಾಲು, ಆಮೇಲೆ ಅದರ ಪಕ್ಕಕ್ಕೆ ಬಲಗಾಲು. ಚಕ್ರದ ಕಡ್ಡಿ ಬಿಗಿ ಮಾಡುತ್ತಿದ್ದ ಅಕ್ಕ ಎದ್ದು ಕುರ್ಚಿ ಎಳೆದು ಹಾಕಿದಳು.

"ಇವಳು ರೇಸಿಗೆ ಸೇರಿದಾಳೆ. ಷೂಗೆ ಕ್ಲೀಟ್ ಹಾಕಿಸ್ಬೇಕಂತೆ," ಎಂದಳು ತಂಗಿ. "ಯಾರನ್ನ ಕೇಳಿದ್ರೂ ನಿನ್ನ ಹೆಸರೇ ಹೇಳ್ತಾರೆ."

ಕ್ಲೀಟು ಎಂದರೆ ಷೂವಿನ ಅಡಿಗೆ ಮೂರು ಸ್ಕ್ರೂ ಹಾಕಿ ಕೂರಿಸುವ ಪುಟ್ಟ ತುಂಡು. ಅದು ಪೆಡಲಿಗೆ ಟಕ್ಕೆಂದು ಕಚ್ಚಿಕೊಂಡ ಮೇಲೆ ಪಾದ ತನ್ನಿಷ್ಟಕ್ಕೆ ಆಡುವಂತಿಲ್ಲ. ನಿಮಿಷಕ್ಕೆ ತೊಂಬತ್ತು ಸುತ್ತು, ಗಂಟೆಗಟ್ಟಲೆ. ತುಂಡು ತಪ್ಪಾಗಿ ಕೂತರೆ ಅನುಭವಿಸುವುದು ಮಂಡಿ.

ತಂಗಿಯ ಮಂಡಿ ಅನುಭವಿಸಿತ್ತು. ಆಗ ಇಬ್ಬರೂ ರೇಸಿಗೆ ಹೋಗುತ್ತಿದ್ದರು. ಒಂದು ಜನವರಿಯಲ್ಲಿ ತಂಗಿಯ ಹೊಸ ಷೂಗೆ ಕ್ಲೀಟು ಕೂರಿಸಿದ್ದು ಅಕ್ಕನೇ. ಅವಳ ಪಾದವನ್ನು ಕಣ್ಣೆತ್ತಿಯೂ ನೋಡದೆ, ತನ್ನ ಹಳೇ ಷೂ ಕವುಚಿಟ್ಟು, ಕಾಗದದ ಮೇಲೆ ಗುರುತು ತೆಗೆದು, ಅದನ್ನೇ ಇಳಿಸಿಬಿಟ್ಟಿದ್ದಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಬೇರೆ ಬೇರೆ ಪಾದವೇ ಎಂಬ ಧಿಮಾಕು. ಅದೂ ಕೆಂಪು ಕ್ಲೀಟು, ಒಂಚೂರೂ ಆಡದ್ದು. ತಂಗಿ ನೋವು ಅಂದಾಗಲೆಲ್ಲ "ಸೋಮಾರಿಗೊಂದು ನೆಪ" ಎಂದು ಮೂಗು ಮುರಿದಳು. ಅದೇ ವರ್ಷ ಡಿಸೆಂಬರಿನಲ್ಲಿ ಮಂಡಿ ಕೈಕೊಟ್ಟಿತು. "ನನಗೆ ಗೊತ್ತಿರಲಿಲ್ಲ" ಎಂದು ಅಕ್ಕ ಅಂದಿನಿಂದ ಕಂಡಕಂಡವರ ಹತ್ತಿರ ಹೇಳಿಕೊಂಡಳು. ಆ ಮಾತು ಹೇಗೋ ತಂಗಿಯ ಕಿವಿಗೂ ಬಿದ್ದು, ನಂಬಿಕೆಯೂ ಬಂದು, ಇವತ್ತು ಅವಳನ್ನು ಮೆಟ್ಟಿಲು ಹತ್ತಿಸಿತ್ತು. ಇನ್ನಾದರೂ ಇವಳು ಬಂದುಹೋಗಿ ಮಾಡಲಿ ಎಂದು ಅಕ್ಕನ ಜೀವ ಹಂಬಲಿಸಿತು.

ಹುಡುಗಿಯನ್ನು ಬೆಂಚಿನ ಮೇಲೆ ಕೂರಿಸಿ ಕಾಲು ಇಳಿಬಿಡಲು ಹೇಳಿದಳು. ಬಲಪಾದ ಹೊರಕ್ಕೆ ತಿರುಗಿ ತೂಗಿತು. ಥೇಟ್ ಅವಳಮ್ಮನ ಪಾದವೇ.

"ದೊಡ್ಡಮ್ಮ, ಕೆಂಪುದು ಹಾಕಿ. ನಮ್ಮ ಸೀನಿಯರ್ಸೆಲ್ಲ ಅದೇ ಹಾಕೋದು."

"ಅವರ ಮಂಡಿ ಅವರ ಪಾಡು. ನಿನಗೆ ಹಳದಿ. ಅದ್ರಲ್ಲಿ ಪಾದ ಸ್ವಲ್ಪ ಆಡತ್ತೆ."

ಹೆಬ್ಬೆರಳ ಬುಡದ ಗೆಣ್ಣು ತಡವಿ ಷೂ ಮೇಲೆ ಗೆರೆ ಎಳೆದಳು. ಅದರ ನೇರಕ್ಕೆ ಕ್ಲೀಟಿಟ್ಟು ಪೆಡಲಿನ ಮೇಲೆ ಪಾದ ಹೊರಕ್ಕೇ ನಿಲ್ಲಲಿ ಎಂದು ಅದರ ಮೂತಿಯನ್ನು ಕೊಂಚ ಒಳಕ್ಕೆ ತಿರುಗಿಸಿದಳು.

"ಓರೆ ಆಯ್ತಲ್ಲ?"

"ಪಾದ ಹೇಗಿದೆಯೋ ಹಾಗೆ ಕ್ಲೀಟ್ ಕೂರಿಸ್ಬೇಕು ಪುಟ್ಟಿ. ಕ್ಲೀಟಿಗೆ ತಕ್ಕ ಹಾಗೆ ಪಾದ ತಿರುಚೋಕಾಗತ್ತಾ?"

ಕುರ್ಚಿಯಲ್ಲಿ ಕೂತಿದ್ದ ತಂಗಿ ಮೆಲ್ಲಗೆ ಕೇಳಿದಳು, "ಇದನ್ನೆಲ್ಲ ಯಾವಾಗ ಕಲಿತೆ ಅಕ್ಕ?"

ಹದಿನೆಂಟು ವರ್ಷದ ಮೇಲೆ ಅಕ್ಕ ಎಂದು ಕರೆಸಿಕೊಂಡವಳು ಷೂ ಕಡೆಯಿಂದ ತಲೆ ಎತ್ತಿದಳು. ನಿಜ ಹೇಳಲು ಅದಕ್ಕಿಂತ ಒಳ್ಳೇ ಗಳಿಗೆ ಸಿಗುತ್ತಿರಲಿಲ್ಲ.

"ಆಮೇಲೆ ಕಣೇ. ನಿನ್ನ ಮಂಡಿ ಹೋಗಿ ಎಷ್ಟೋ ವರ್ಷ ಆದ್ಮೇಲೆ."

"ಹೋಗ್ಲಿ ಬಿಡು," ಎಂದಳು ತಂಗಿ. "ಮುಂದಿನ ತಿಂಗಳು ತೋರಿಸೋಕೆ ಮತ್ತೆ ಕರ್ಕೊಂಡು ಬರ್ತೀನಿ."

ಹಾಗೆಂದು ಹಿಂದಕ್ಕೆ ಒರಗಿದವಳ ಕಣ್ಣು ಎದುರಿನ ಗೋಡೆಗೆ ಹೋಯಿತು. ಗಿರಾಕಿಗಳು ಕೂತರೆ ಸರಿಯಾಗಿ ಕಾಣಲಿ ಎಂದು ಅಕ್ಕನೇ ಅಳತೆ ನೋಡಿ ತೂಗುಹಾಕಿದ್ದ ಸರ್ಟಿಫಿಕೇಟು ಅಲ್ಲಿತ್ತು. ದಿನಾ ಬೆಳಿಗ್ಗೆ ಗಾಜು ಒರೆಸುವುದನ್ನು ಅವಳು ಒಂದು ದಿನವೂ ತಪ್ಪಿಸಿದವಳಲ್ಲ. ಕ್ಲೀಟ್ ಜೋಡಣೆ, ಒಂದು ವಾರದ ತರಬೇತಿ. ಕೆಳಗೆ ತಾರೀಕು.

ತಂಗಿ ಎದ್ದು ಹತ್ತಿರ ಹೋಗಿ ಓದಿದಳು.

"ಮೇ ತಿಂಗಳು. ನನ್ನ ಮಂಡಿ ಹೋಗಿದ್ದು ಅದೇ ವರ್ಷ ಡಿಸೆಂಬರಲ್ಲಿ. ನೀನು ಗೆಳತಿ ಮನೆಗೆ ಅಂತ ಹೇಳಿ ಹೋದ ವಾರ ಇದೇನಾ?"

ಅಕ್ಕ ಮೂರನೇ ಸ್ಕ್ರೂವನ್ನು ತೂತಿಗೆ ಇಟ್ಟಳು. ಕಲಿತು ಬಂದ ದಿನವೇ ಅವಳಿಗೆ ತಂಗಿಯ ಪಾದ ನೆನಪಾಗಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡಿದ್ದಳು. ಅಷ್ಟರಲ್ಲಿ ರೇಸುಗಳಲ್ಲಿ ತಂಗಿಯ ಬದಲು ತಾನು ಗೆಲ್ಲತೊಡಗಿದ್ದಳು.

"ಆ ವರ್ಷಾನೇ ಅಲ್ವಾ ನೀನು ಮೊದಲ ಸಲ ರೇಸಲ್ಲಿ ನನ್ನನ್ನ ಹಿಂದೆ ಹಾಕಿದ್ದು," ಎಂದಳು ತಂಗಿ. ದನಿ ಏರಲಿಲ್ಲ. "ಸ್ಕ್ರೂ ಬಿಗಿ ಮಾಡು. ಮಗು ಕಾಯ್ತಿದೆ."

ಬಿಗಿ ಮಾಡಿದಳು. ಕೆಲಸ ಕೂದಲೆಳೆಯಷ್ಟೂ ತಪ್ಪಲಿಲ್ಲ. ಹುಡುಗಿ ಸೈಕಲ್ ಏರಿ ಗೋಡೆ ಹಿಡಿದು ಟಕ್ಕೆಂದು ಕಚ್ಚಿಸಿದಳು, ಹಿಮ್ಮಡಿ ಹೊರಕ್ಕೆ ತಿರುಗಿಸಿ ಬಿಡಿಸಿಕೊಂಡಳು.

"ಒಂಚೂರೂ ನೋವಿಲ್ಲಮ್ಮ. ಮುಂದಿನ ತಿಂಗಳು ಮತ್ತೆ ಬರೋಣ."

"ಬೇಕಾಗಲ್ಲ. ಆ ಷೂ ಬಿಚ್ಚಿ ಕೊಡು."

ತಂಗಿ ಮೇಜಿನ ಮೇಲಿದ್ದ ಬಿಳಿ ಹಾಳೆಯೊಂದನ್ನು ಎಳೆದುಕೊಂಡಳು. ಮಗಳ ಷೂ ಕವುಚಿಟ್ಟು, ಹಾಳೆ ಹಾಸಿ, ಪೆನ್ಸಿಲಿನಿಂದ ಕ್ಲೀಟಿನ ಗುರುತು ತೆಗೆದಳು, ಅಕ್ಕ ತೆಗೆಯುತ್ತಿದ್ದ ಹಾಗೆಯೇ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡಳು.

"ಇನ್ನು ಇವಳಿಗೆ ನಾನೇ ಹಾಕ್ತೀನಿ."

ಮೆಟ್ಟಿಲ ಹತ್ತಿರ ಅಕ್ಕ ಕೈ ಚಾಚಿದಳು. ತಂಗಿ ಗೋಡೆ ಹಿಡಿದುಕೊಂಡು ಇಳಿದಳು, ಮೊದಲು ಬಲಗಾಲು, ಆಮೇಲೆ ಅದರ ಪಕ್ಕಕ್ಕೆ ಎಡಗಾಲು.