ಕೆಂಪು ದಾರದ ಕಿವಿ

ಗೋಡೆಯ ದೀಪ ಕೆಂಪಾಯಿತೋ ಅಥವಾ ನನ್ನ ಕನ್ನಡಕಕ್ಕೇ ಏನಾದರೂ ಆಯಿತೋ, ಬಿಸಿನೀರಿನ ಲೋಟ ಬಾಯಿಯ ಹತ್ತಿರ ಹಿಡಿದಿದ್ದೆನಲ್ಲ, ಆವಿ ಕೂತಿರಬೇಕು, ತೋಳಿನ ತುದಿಯಿಂದ ಒರೆಸಿಕೊಂಡು ನೋಡಿದರೂ ಕೆಂಪೇ, ಹಣ್ಣುಮೆಣಸಿನಕಾಯಿಯ ಕೆಂಪು, ಊರಿನ ಬಸ್ ನಿಲ್ದಾಣಗಳ ಬೋರ್ಡುಗಳಲ್ಲಿ ಎಡವಟ್ಟಾಗಿ ಜನ ದೂರು ಕೊಟ್ಟರೆ ಮಾತ್ರ ಉರಿಯುವ ದೀಪ ಅದು, ಯಾವ ಬಸ್ಸು ಎಷ್ಟು ನಿಮಿಷಕ್ಕೆ ಬರುತ್ತದೆ ಅಂತ ತೋರಿಸುವ ಆ ಬೋರ್ಡುಗಳಿಗೆ ಕೋಡ್ ಬರೆಯುವವರು ಈ ಕೋಣೆಯಲ್ಲಿ ಕೂತ ನಾವೇ, ಮತ್ತು ಇವತ್ತು ಬೆಳಿಗ್ಗೆ ಹೊಸ ಕೋಡ್ ಕಳಿಸಿದವಳು ನಾನೊಬ್ಬಳೇ — ಹಾಗಾದರೆ ನನ್ನದೇ, ಇರಲಿಕ್ಕಿಲ್ಲ, ಅಲ್ಲ, ನನ್ನದೇ. ಎದುರು ಮೇಜಿನ ಗೊಣಗಣ್ಣ ತಲೆಯೆತ್ತಿ ದೀಪ ನೋಡಿದ, ಬಂತಲ್ಲಪ್ಪಾ, ಇನ್ನೂ ಕಾಫಿ ಹೊಟ್ಟೆಗೆ ಇಳಿದಿಲ್ಲ, ಆಗ್ಲೇ ಬಂತು, ಅಂದ, ಇಡೀ ಆಫೀಸು ಅವನನ್ನು ಗೊಣಗಣ್ಣ ಅಂತಲೇ ಕರೆಯುವುದು, ಅವನಿಗೂ ಅದು ಗೊತ್ತು, ಅದಕ್ಕೂ ಗೊಣಗುತ್ತಾನೆ. ಅವನ ಮೇಜಿನ ಮೇಲೆ ಬಟ್ಟೆಯ ಕತ್ತೆ ಕೂತಿದೆ, ನನಗೆ ಬೆನ್ನು ಹಾಕಿ, ಬೂದು ಮೈ, ಎಡಗಿವಿಯ ಬುಡದಲ್ಲಿ ಕೆಂಪು ದಾರ, ಆ ದಾರ ನನ್ನದು.

ಆ ಕಿವಿ ಹರಿದು ಜೋತಾಡುತ್ತಿದ್ದ ದಿನ ನಾನು ಇಲ್ಲಿಗೆ ಹೊಸಬಳು, ಯಾರೋ ಅದನ್ನು ತಂದು ಅಮ್ಮ ನಿಮಗೆ ಹೊಲಿಗೆ ಬರುತ್ತಂತಲ್ಲ ಅಂದರು, ಬರುತ್ತದೆ, ಬರದೆ ಏನು, ಅರ್ಧ ಆಯುಸ್ಸು ಅಂಗಿಗಳಿಗೆ ಕಾಲರ್ ಕೂರಿಸುತ್ತಲೇ ಕಳೆದವಳು, ಚೀಲದಲ್ಲಿ ಬೂದು ದಾರ ಇರಲಿಲ್ಲ, ಕೆಂಪಿತ್ತು, ಕೆಂಪಿನಲ್ಲೇ ಗಟ್ಟಿಯಾಗಿ ಹಾಕಿಕೊಟ್ಟೆ, ಆಗ ಕೇಳಿದೆ ಇದೇನಿದು ಈ ವಯಸ್ಸಿನಲ್ಲಿ ಗೊಂಬೆ ಇಟ್ಟುಕೊಂಡಿದ್ದೀರಲ್ಲ ಅಂತ. ಎಲ್ಲರೂ ನಕ್ಕರು. ಯಾರ ತಪ್ಪಿನಿಂದ ಬೋರ್ಡು ಕೆಡುತ್ತದೋ ಅವರ ಮೇಜಿಗೆ ಕತ್ತೆ ಬರುತ್ತದೆ, ಮುಂದಿನವರು ಎಡವುವವರೆಗೂ ಅಲ್ಲೇ ಇರುತ್ತದೆ, ಬೈಗುಳವಿಲ್ಲ, ಸಂಬಳದ ಕಡಿತವಿಲ್ಲ, ಕತ್ತೆ ಅಷ್ಟೇ, ತಂದಿಟ್ಟು ಎಲ್ಲರೂ ಒಮ್ಮೆ ಹೊಟ್ಟೆ ತುಂಬಾ ನಗುತ್ತಾರೆ, ಆಮೇಲೆ ಎಲ್ಲರೂ ಸುತ್ತ ಕೂತು ಏನಾಯಿತು ಅಂತ ಹುಡುಕುತ್ತಾರೆ, ಯಾರು ಮಾಡಿದರು ಅಂತಲ್ಲ, ಏನಾಯಿತು ಅಂತ. ಎಂಥ ಒಳ್ಳೆಯ ಪದ್ಧತಿ ಅಂದುಕೊಂಡಿದ್ದೆ, ನಡೆಯುವ ಕಾಲು ತಾನೆ ಎಡವುವುದು, ಕೂತ ಕಾಲು ಎಡವೀತೆ, ಈ ಮಕ್ಕಳಿಗೆ ಆ ಗಾದೆ ಯಾರೂ ಹೇಳಿಕೊಟ್ಟಿಲ್ಲ, ಗೊಂಬೆಯಲ್ಲೇ ಕಂಡುಕೊಂಡಿದ್ದಾರೆ. ಕತ್ತೆ ಎಲ್ಲರ ಮೇಜಿಗೂ ಹೋಯಿತು, ಲೀಡಮ್ಮನ ಮೇಜಿಗೂ — ಅವಳು ನಮ್ಮ ತಂಡದ ಮುಖ್ಯಸ್ಥೆ, ನನ್ನ ಸೊಸೆಗಿಂತ ಚಿಕ್ಕವಳು, ಅಷ್ಟು ದೊಡ್ಡ ಮನಸ್ಸು — ನನ್ನ ಮೇಜಿಗೆ ಮಾತ್ರ ಬರಲಿಲ್ಲ. ನಾನು ತಪ್ಪೇ ಮಾಡಲಿಲ್ಲವೆ, ಮಾಡಿದೆ, ಎರಡು ಸಲ, ಎರಡು ಸಲವೂ ಲೀಡಮ್ಮ ಸದ್ದಿಲ್ಲದೆ ಸರಿಮಾಡಿ ನನ್ನ ಕಡೆ ನೋಡಿ ನಕ್ಕಳು, ಕಣ್ಣಲ್ಲೇ ಬಿಡಿ ಅಮ್ಮ ಅಂದಳು, ಕತ್ತೆ ಇದ್ದಲ್ಲಿಂದ ಕದಲಲಿಲ್ಲ, ಕೆಂಪು ದಾರದ ಕಿವಿ ನೆಟ್ಟಗೆ ಮಾಡಿಕೊಂಡು ಬೇರೆಯವರ ಮೇಜಿನ ಮೇಲೆಯೇ ಕೂತಿತ್ತು. ಅವಳ ಋಣ ದೊಡ್ಡದು, ಕೂದಲು ನೆರೆತ ಮೇಲೆ ಅಕ್ಷರ ಕಲಿತು, ಆಮೇಲೆ ಕೋಡ್ ಕಲಿತವಳನ್ನು ಯಾರು ಕೆಲಸಕ್ಕೆ ಕರೆಯುತ್ತಾರೆ, ಅವಳು ಕರೆದಳು, ಆದರೂ ಆ ಎರಡು ಸಲವೂ ಮನೆಗೆ ಹೋಗಿ ಊಟ ರುಚಿಸಲಿಲ್ಲ, ನೆಂಟರ ಮನೆಯಲ್ಲಿ ಎಲ್ಲರ ಕೈಗೂ ಕೆಲಸ ಹಂಚಿ ನೀವು ಕೂತ್ಕೊಳ್ಳಿ ಅಂದ ಹಾಗೆ, ಕೂತ್ಕೊಳ್ಳಿ ಅನ್ನುವುದು ಮರ್ಯಾದೆಯೇ, ಮರ್ಯಾದೆಯೇ ಒಂದು ಗೋಡೆಯೂ ಹೌದು.

ಫೋನು ನಡುಗುತ್ತಿದೆ, ಸೊಸೆ, ಈ ಹೊತ್ತಿನಲ್ಲಿ ಯಾಕೆ, ಅತ್ತೆ, ನಿಮ್ಮ ಆಫೀಸಿನವರಿಗೆ ಏನು ಬಂದಿದೆ, ಬೋರ್ಡಿನ ಮೇಲಿನ ಸಾಲಲ್ಲೇ ಹತ್ತು ನಿಮಿಷ ಅಂತಿತ್ತು, ಮೇಲಿನ ಸಾಲೇ ತಾನೆ ಮೊದಲು ಬರೋದು, ಸರಿ ಅಂತ ಬ್ರೆಡ್ ತರೋಕೆ ಹೋದೆ, ತಿರುಗಿ ನೋಡಿದ್ರೆ ನನ್ನ ಬಸ್ಸು ಮೂಗಿನ ಮುಂದೇನೇ ಹೋಯ್ತು, ಎರಡು ನಿಮಿಷದ ಬಸ್ಸನ್ನ ಕೆಳಗೆ ಹಾಕಿ ಹತ್ತು ನಿಮಿಷದ್ದನ್ನ ಮೇಲೆ ಹಾಕಿದ್ದಾನೆ, ಯಾವ ಪುಣ್ಯಾತ್ಮ ಬರೆದನೋ. ಪುಣ್ಯಾತ್ಮ ಅಲ್ಲಮ್ಮ, ನಿನ್ನತ್ತೆ. ಆ ಕಡೆಯಿಂದ ಬಸ್ಸಿನ ಹಾರನ್ನು, ಆಮೇಲೆ ಅವಳ ನಗು, ಹಾಗಾದ್ರೆ ಬೇಗ ಸರಿಮಾಡಿ ಅತ್ತೆ, ಮುಂದಿನ ಬಸ್ಸಿಗಾದ್ರೂ ಹತ್ತೋಣ, ಇಲ್ಲಿ ಜನ ಬೋರ್ಡಿಗೆ ಬಯ್ತಾ ಇದ್ದಾರೆ, ನಾನೂ ಬಯ್ದೆ, ತಪ್ಪಾಯ್ತು. ಬಯ್ಯಮ್ಮ ಬಯ್ಯಿ, ನೀನು ಬಯ್ಯದೆ ಇನ್ಯಾರು, ಕತ್ತೆ ವಯಸ್ಸಾದ ಮೇಲೆ ಕಾಗುಣಿತವಂತೆ ಅಂತ ನನ್ನ ಅಣ್ಣ ಹಂಗಿಸಿದಾಗ, ಅತ್ತೆ ನೀವು ಹೋಗಿ ಪಾತ್ರೆ ನಾನು ತೊಳೀತೀನಿ ಅಂದವಳು ಇವಳೇ, ರಾತ್ರಿ ಶಾಲೆಯಿಂದ ಬರುವಷ್ಟರಲ್ಲಿ ತಟ್ಟೆಗೆ ಮುಚ್ಚಳ ಹಾಕಿಟ್ಟಿರುತ್ತಿದ್ದಳು, ಇವತ್ತು ನಾನು ಅವಳ ಬಸ್ಸು ತಪ್ಪಿಸಿದೆ.

ಹತ್ತು ಮೇಲೆ, ಎರಡು ಕೆಳಗೆ, ಯಾಕೆ, ಹತ್ತು ಎರಡಕ್ಕಿಂತ ಚಿಕ್ಕದು ಅಂತ ಯಾವ ಮೂರ್ಖನೂ ಹೇಳುವುದಿಲ್ಲ, ಯಂತ್ರ ಹೇಳಿತೇ, ಹೇಳಿದೆ, ನಾನೇ ಹೇಳಿಸಿದ್ದೇನೆ — ತೆರೆದು ನೋಡುತ್ತೇನೆ, ನಾನು ಬರೆದ ಸಾಲು, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸು, ಎಷ್ಟು ಚೊಕ್ಕವಾಗಿದೆ, ಇದರಲ್ಲಿ ಏನು ಹುಳುಕು. ರಾತ್ರಿ ಶಾಲೆಯ ಟೀಚರಮ್ಮ ನೆನಪಾಗುತ್ತಾಳೆ, ಸೀಮೆಸುಣ್ಣದ ಕೈ, ಹಗಲೆಲ್ಲ ಮಕ್ಕಳಿಗೆ ಪಾಠ ಮಾಡಿ ಸಂಜೆ ನಮ್ಮಂಥ ಮುದುಕಿಯರ ಮುಂದೆ ನಿಂತು ಆಕಳಿಕೆ ನುಂಗುತ್ತಿದ್ದವಳು, ನಿಘಂಟು ನೋಡೋದು ಹೇಗೆ ಹೇಳಿ, ಪದ ಉದ್ದವೋ ಗಿಡ್ಡವೋ ಅಂತ ನೋಡ್ಬೇಡಿ, ಮೊದಲ ಅಕ್ಷರ ನೋಡಿ, ಅದು ಯಾವುದಕ್ಕಿಂತ ಮುಂದಿದೆ ನೋಡಿ, ಅಷ್ಟೇ, ಕಡಲೆಕಾಯಿ ಉದ್ದ ಆದ್ರೂ ಮೊದಲು, ಗಿಳಿ ಗಿಡ್ಡ ಆದ್ರೂ ಆಮೇಲೆ. ಆ ದಿನ ನಾನು ಮೊದಲ ಸಲ ನಿಘಂಟಿನಲ್ಲಿ ಒಂದು ಪದ ಹುಡುಕಿದೆ, ಸಿಕ್ಕಿತು, ಸೂಜಿ ಅನ್ನುವ ಪದ, ಯಾರೂ ಹೇಳಿಕೊಡದೆ ನಾನೇ ಕಂಡುಹಿಡಿದ ಮೊದಲ ಪದ, ನನ್ನ ಕೈಯಲ್ಲಿ ಅಷ್ಟು ವರ್ಷ ಇದ್ದ ವಸ್ತುವೇ ಪುಸ್ತಕದಲ್ಲಿ ಮೂರು ಸಾಲಿನ ಅರ್ಥದೊಂದಿಗೆ ನನಗಾಗಿ ಕಾಯುತ್ತಿತ್ತು, ಗಟ್ಟಿಯಾಗಿ ನಕ್ಕುಬಿಟ್ಟೆ, ಟೀಚರಮ್ಮ ಬಯ್ಯಲಿಲ್ಲ — ಮೊದಲ ಅಕ್ಷರ ನೋಡಿ, ಅಷ್ಟೇ. ಹಾ. ಅಯ್ಯೋ ಹಾ. ಬಸ್ಸುಗಳಿಂದ ಬರುವ ನಿಮಿಷ ಸಂಖ್ಯೆಯಾಗಿ ಬರುತ್ತಿಲ್ಲ, ಅಕ್ಷರವಾಗಿ ಬರುತ್ತಿದೆ, ಹತ್ತು ಅಂದರೆ ಯಂತ್ರಕ್ಕೆ ಹತ್ತಲ್ಲ, ಒಂದು ಮತ್ತು ಪಕ್ಕದಲ್ಲೊಂದು ಸೊನ್ನೆ, ಬರೀ ಎರಡು ಅಕ್ಷರದ ಪದ, ಮೊದಲ ಅಕ್ಷರ ಒಂದು, ಒಂದು ಎರಡಕ್ಕಿಂತ ಮುಂದೆ, ಹಾಗಾಗಿ ಹತ್ತು ಮೇಲೆ, ಎರಡು ಕೆಳಗೆ, ಯಂತ್ರ ನನ್ನ ಹಾಗೆ ರಾತ್ರಿ ಶಾಲೆಯ ವಿಧೇಯ ವಿದ್ಯಾರ್ಥಿನಿ, ನಿಘಂಟು ತೆಗೆದು ಕೂತಿದೆ. ನಾನು ಪರೀಕ್ಷೆ ಮಾಡಿ ನೋಡಿರಲಿಲ್ಲವೇ, ನೋಡಿದ್ದೆ, ಮೂರು ನಿಮಿಷ, ಐದು ನಿಮಿಷ, ಎಂಟು ನಿಮಿಷ, ಎಲ್ಲ ಒಂಟಿ ಅಂಕಿ, ಎಲ್ಲ ಸರಿಯಾಗಿ ಕೂತವು, ಹತ್ತನ್ನು ಹಾಕಿ ನೋಡುವ ಬುದ್ಧಿ ಬರಲಿಲ್ಲ. ಇನ್ನೊಬ್ಬರು ಓದಿ ಒಪ್ಪದೆ ಯಾರ ಕೋಡೂ ಹೊರಗೆ ಹೋಗುವುದಿಲ್ಲವಲ್ಲ, ಇದನ್ನು ಓದಿದವರು ಯಾರು — ಲೀಡಮ್ಮ. ಓದಿದಳೇ. ನಾನು ಕಳಿಸಿದೆ, ಲೋಟ ತೊಳೆದು ಬರುವಷ್ಟರಲ್ಲಿ ಒಪ್ಪಿಗೆ ಬಂದಿತ್ತು, ಅಮ್ಮ ಬರೆದದ್ದಲ್ವಾ, ನೋಡೋದೇನಿದೆ, ಅಂತ ಪಕ್ಕದಲ್ಲೊಂದು ನಗುಮುಖ. ಗೊಣಗಣ್ಣನ ಕೋಡನ್ನು ಎಲ್ಲರೂ ಹಿಂಜಿ ಹಿಪ್ಪೆ ಮಾಡುತ್ತಾರೆ, ಇದ್ಯಾಕೆ ಹೀಗೆ, ಅದ್ಯಾಕೆ ಹಾಗೆ, ಅವನು ಗೊಣಗುತ್ತ ತಿದ್ದುತ್ತಾನೆ, ಅವನ ಕೋಡು ಗಟ್ಟಿಯಾಗುತ್ತದೆ, ನನ್ನದಕ್ಕೆ ನಗುಮುಖ. ಹೊಲಿಗೆ ಕೋಣೆಯ ಮೇಸ್ತ್ರಿ ನನ್ನ ಮೊದಲ ಕಾಲರನ್ನು ಬೆಳಕಿಗೆ ಹಿಡಿದು ಇದೇನು ಅಂಗಿಯ ಕಾಲರೋ ನಾಯಿಯ ಕೊರಳ ಪಟ್ಟಿಯೋ ಅಂತ ಮಡಿಲಿಗೆ ಎಸೆದಿದ್ದ, ಅತ್ತುಬಿಟ್ಟೆ, ಬಿಚ್ಚಿದೆ, ಮತ್ತೆ ಹಾಕಿದೆ, ಇವತ್ತಿಗೂ ಕಣ್ಣು ಮುಚ್ಚಿ ಕಾಲರ್ ಕೂರಿಸುತ್ತೇನೆ, ಅವನು ಎಲ್ಲಿದ್ದರೂ ಚೆನ್ನಾಗಿರಲಿ.

ಲೀಡಮ್ಮ ಬಂದೇ ಬಿಟ್ಟಳು, ನನ್ನ ಕುರ್ಚಿಯ ಹಿಂದೆ ಅವಳ ಸೋಪಿನ ವಾಸನೆ, ಅಮ್ಮ ನೀವು ಗಾಬರಿ ಆಗ್ಬೇಡಿ, ನಾನು ನೋಡ್ಕೋತೀನಿ, ನೀವು ಹೋಗಿ ಏನಾದ್ರೂ ತಿಂದ್ಕೊಂಡು ಬನ್ನಿ, ಕೈ ನನ್ನ ಮೌಸಿನ ಕಡೆ ಬರುತ್ತಿದೆ, ಮೃದುವಾದ ಕೈ, ಮೊನ್ನೆ ಇದೇ ಕೈ ನನ್ನ ಭುಜದ ಮೇಲಿಟ್ಟು ಹೇಳಿದ್ದಳು, ಅಮ್ಮ ಈ ಬರೆಯೋ ತಲೆನೋವು ನಿಮಗ್ಯಾಕೆ, ಹೊಸದಾಗಿ ಸೇರೋರಿಗೆ ಆಫೀಸು ಪರಿಚಯ ಮಾಡ್ಕೊಡಿ, ಅತಿಥಿಗಳು ಬಂದ್ರೆ ಮಾತಾಡ್ಸಿ, ನಿಮ್ಮಂಥೋರು ಇಲ್ಲಿ ಇದ್ರೆ ಸಾಕು ನಮಗೆ, ಯೋಚನೆ ಮಾಡಿ ಹೇಳಿ. ಇದ್ದರೆ ಸಾಕು. ಹೂದಾನಿಯೂ ಇರುತ್ತದೆ. ಈಗ ಅವಳು ಮೌಸ್ ಹಿಡಿದರೆ ಮುಗಿಯಿತು, ಮೂರನೆಯ ಸಲವೂ ಸದ್ದಿಲ್ಲದೆ ಸರಿಯಾಗುತ್ತದೆ, ದೀಪ ಹಸಿರಾಗುತ್ತದೆ, ನಾಳೆ ನನಗೊಂದು ಮೆತ್ತನೆಯ ಕುರ್ಚಿ ಬರುತ್ತದೆ, ಬಾಗಿಲ ಪಕ್ಕ. ನನ್ನ ಕೈ ಯಾವಾಗ ಮೌಸಿನ ಮೇಲೆ ಹೋಯಿತೋ, ಗಟ್ಟಿಯಾಗಿ ಮುಚ್ಚಿ ಹಿಡಿದಿದೆ, ನೆರಿಗೆ ಬಿದ್ದ ಕೈ, ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಹಳೆಯ ಗಂಟು. ಬೇಡಮ್ಮ, ಅದು ನಂದು, ನಾನೇ ಹೊಲಿದದ್ದು, ನಾನೇ ಬಿಚ್ತೀನಿ. ಅವಳು ಅಲ್ಲ ಅಮ್ಮ, ಜನ ಕಾಯ್ತಿದ್ದಾರೆ ಅಂತ ರಾಗ ಎಳೆದಳು, ಕಾಯುತ್ತಿದ್ದಾರೆ, ಗೊತ್ತು, ಅದರಲ್ಲೊಬ್ಬಳು ನನ್ನ ಸೊಸೆ. ಎದುರಿನಿಂದ ಗೊಣಗಣ್ಣ, ಬಿಡು ಮಾರಾಯ್ತಿ, ಅವರೇ ಮಾಡ್ಲಿ, ನಂದು ಕೆಟ್ಟಾಗ ಒಬ್ರೂ ತಿಂದ್ಕೊಂಡು ಬಾ ಅನ್ಲಿಲ್ಲ. ನಗು ಬಂತು, ಈ ಹೊತ್ತಿನಲ್ಲೂ, ಅವನಿಗೆ ಒಳ್ಳೆಯದಾಗಲಿ.

ಮೊದಲು ನಿನ್ನೆಯ ಹಳೆಯ ಕೋಡನ್ನೇ ಮತ್ತೆ ಬೋರ್ಡುಗಳಿಗೆ ಕಳಿಸುತ್ತೇನೆ, ಊರು ಕಾಯಬಾರದು, ಒಂದು ಬೋರ್ಡು, ಇನ್ನೊಂದು, ನಕ್ಷೆಯ ಮೇಲೆ ನಿಲ್ದಾಣಗಳು ಒಂದೊಂದಾಗಿ ಸರಿಹೋಗುತ್ತಿವೆ, ದೀಪ ಹಸಿರು, ಬಾಗಿಲ ಹತ್ತಿರ ಯಾರೋ ಉಸಿರು ಬಿಟ್ಟರು, ನಾನು ಬಿಡಲಿಲ್ಲ. ಈಗ ಬಿಚ್ಚಬೇಕು, ಜೋಡಿಸುವ ಮೊದಲು ಅಕ್ಷರವನ್ನು ಸಂಖ್ಯೆ ಮಾಡು ಅಂತ ಒಂದೇ ಸಾಲು, ಅಕ್ಷರ ತಪ್ಪಿತು, ಅಳಿಸಿ ಮತ್ತೆ, ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅಂತಾರೆ, ಈ ಕೆಲಸದಲ್ಲಿ ಕುಂಬಾರನೂ ದೊಣ್ಣೆಯೂ ಒಬ್ಬರೇ. ಬರೆದೆ, ಪರೀಕ್ಷೆಗೆ ಹತ್ತು ಹಾಕಿದೆ, ಎರಡು ಹಾಕಿದೆ, ಎರಡು ಮೇಲೆ ಬಂತು, ತಾಯಿ, ಬಂದೆಯಾ. ಓದಲು ಯಾರಿಗೆ ಕಳಿಸಲಿ, ಲೀಡಮ್ಮನ ಹೆಸರಿನ ಮೇಲೆ ಬಾಣ ನಿಂತಿದೆ, ಸರಿಸಿದೆ, ಗೊಣಗಣ್ಣನಿಗೆ ಕಳಿಸಿದೆ. ಅವನು ಕುರ್ಚಿ ಎಳೆದುಕೊಂಡ, ಓದುತ್ತಿದ್ದಾನೆ, ಲೋಟ ತೊಳೆದು ಬರುವಷ್ಟು ಹೊತ್ತಾಯಿತು, ಇನ್ನೂ ಓದುತ್ತಿದ್ದಾನೆ, ನನ್ನ ಕೋಡನ್ನು ಒಬ್ಬ ಮನುಷ್ಯ ಇಷ್ಟು ಹೊತ್ತು ಓದುತ್ತಿದ್ದಾನೆ. ಅಮ್ಮ, ನೂರು ನಿಮಿಷ ಬಂದ್ರೆ ಏನಾಗುತ್ತೆ ನೋಡಿದ್ರಾ. ಇಲ್ಲಪ್ಪ. ನೋಡಿ. ಬಸ್ಸೇ ಇಲ್ಲ ಅಂತ ಖಾಲಿ ಬಂದ್ರೆ. ಇಲ್ಲಪ್ಪ. ಅದನ್ನೂ ನೋಡಿ, ಖಾಲಿಯನ್ನ ಸಂಖ್ಯೆ ಮಾಡೋಕೆ ಹೋದ್ರೆ ಬೋರ್ಡೇ ನಿಂತುಹೋಗುತ್ತೆ, ಮತ್ತೆ ಇದೇನಿದು, ನಿಮಿಷ ತುಂಬಿಡೋ ಜಾಗಕ್ಕೆ ‘ಅದು’ ಅಂತ ಹೆಸರಿಟ್ಟಿದ್ದೀರಲ್ಲ, ಯಾವುದು ಅದು, ನಾಳೆ ಓದೋನಿಗೆ ಏನು ಕನಸು ಬೀಳುತ್ತಾ, ನಿಮ್ಮ ಮಗನಿಗೂ ಅದು ಅಂತಲೇ ಹೆಸರಿಟ್ರಾ. ಏಯ್, ಸ್ವಲ್ಪ ಮೆತ್ತಗೆ ಕಣೋ, ಅಂದಳು ಲೀಡಮ್ಮ. ಯಾಕೆ ಮೆತ್ತಗೆ, ಖಾಲಿಯನ್ನ ನೋಡಿಲ್ಲ ಅಂದ್ರೆ ನೋಡಿಲ್ಲ. ಒಪ್ಪಿಗೆ ಇಲ್ಲ ಅಂತ ಒತ್ತಿದ. ಸ್ಕ್ರೀನಿನ ಮೇಲೆ ನನ್ನ ಹೆಸರು, ಅದರ ಕೆಳಗೆ ತಿದ್ದಿ ಕಳಿಸಿ, ನಗುಮುಖ ಇಲ್ಲ, ಮಡಿಲಿಗೆ ಕಾಲರ್ ಬಿದ್ದ ಹಾಗೆ, ಕಣ್ಣು ಮಂಜಾಗುತ್ತಿದೆ, ಈ ಸಲ ಆವಿಯಲ್ಲ, ತಿದ್ದುತ್ತೇನೆ, ನೂರು, ಖಾಲಿ, ಅದು ಅನ್ನುವುದಕ್ಕೆ ನಿಮಿಷ ಅಂತ ಹೆಸರು, ಕಳಿಸಿದೆ, ಮತ್ತೆ ಓದಿದ, ಹೂಂ, ಈಗ ಬಸ್ಸು ಬರಬಹುದು, ಅಂದ.

ಹೊಸ ಕೋಡ್ ಹೋಯಿತು, ದೀಪ ಹಸಿರಾಗಿಯೇ ಇದೆ, ಫೋನಿನಲ್ಲಿ ಸೊಸೆಯ ಒಂದು ಸಾಲು, ಹತ್ತಿದೆ ಅತ್ತೆ, ಕಿಟಕಿ ಪಕ್ಕ ಸೀಟು. ನೀರು ತಣ್ಣಗಾಗಿದೆ, ಕುಡಿಯುತ್ತೇನೆ, ಅವಳಿಗೆ, ಟೀಚರಮ್ಮನಿಗೆ, ಮೇಸ್ತ್ರಿಗೆ, ಹಂಗಿಸಿದ ಅಣ್ಣನಿಗೂ ಸೇರಿಸಿ ಒಂದೊಂದು ಗುಟುಕು, ಎಷ್ಟು ಜನ ಸೇರಿ ಒಬ್ಬ ಮುದುಕಿಯನ್ನು ಈ ಕುರ್ಚಿಯವರೆಗೆ ತಂದು ಕೂರಿಸಿದರು. ಗೊಣಗಣ್ಣ ಎದ್ದ. ಕತ್ತೆಯನ್ನು ಎತ್ತಿಕೊಂಡ, ಧೂಳು ಊದಿದ, ಕಪಾಟಿನ ಕಡೆ ನಡೆಯುತ್ತಿದ್ದಾನೆ, ಮೇಲೆ ಇಡುತ್ತಾನೆ, ಹಾಗೇ ಆಗುವುದು, ಪರವಾಗಿಲ್ಲ, ಇಷ್ಟೇ ಸಾಕು, ಇವತ್ತು ಇಷ್ಟು ಸಿಕ್ಕಿತಲ್ಲ — ಬೇಡ ಕಣೋ, ಅಮ್ಮ ಕಣೋ, ಅಂದಳು ಲೀಡಮ್ಮ. ಅಮ್ಮ ಆದ್ರೇನು, ಊರಿನ ಬಸ್ಸೆಲ್ಲ ತಪ್ಪಿಸಿಲ್ವಾ, ನನ್ನ ಮೇಜು ಎಷ್ಟು ದಿನದಿಂದ ಇದನ್ನ ಹೊತ್ಕೊಂಡಿದೆ, ಅಂತ ತಿರುಗಿದ. ಹೆಜ್ಜೆ ನನ್ನ ಕಡೆ. ಏನಮ್ಮಾ, ಹತ್ತು ದೊಡ್ಡದಾ, ಎರಡು ದೊಡ್ಡದಾ. ಇಡೀ ಕೋಣೆ ನಕ್ಕಿತು, ಲೀಡಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು, ಬೆರಳ ಸಂದಿಯಿಂದ ಅವಳದೂ ನಗು ಚೆಲ್ಲಿತು, ನಾನೂ, ಎಲ್ಲರಿಗಿಂತ ಗಟ್ಟಿಯಾಗಿ, ಸೂಜಿ ಸಿಕ್ಕ ದಿನದ ಹಾಗೆ, ಮತ್ತೆ ಲೋಟದ ಪಕ್ಕ, ಕೀಲಿಮಣೆಯ ಪಕ್ಕ, ನನ್ನ ಕನ್ನಡಕದ ಗೂಡಿಗೆ ಒರಗಿ ಬೂದು ಮೈ, ಮುಖ ನನ್ನ ಕಡೆ, ಮೊದಲ ಸಲ ಮುಖ ನನ್ನ ಕಡೆ, ಒಂದು ಕಿವಿ ಜೋಲು, ಇನ್ನೊಂದು ನೆಟ್ಟಗೆ, ಅದರ ಬುಡದಲ್ಲಿ ಕೆಂಪು ದಾರ, ನನ್ನ ಹೊಲಿಗೆ, ಒಂದೂ ಬಿಟ್ಟಿಲ್ಲ, ಕೆಂಪು ದಾರ, ಕಿವಿ, ಕೆಂಪು ದಾರ