ಅತ್ತೆಯ ಹಲ್ಲು, ನನ್ನ ಗಾಜಿನ ತಟ್ಟೆ

ನಮ್ಮತ್ತೆಯ ಹಟದ ಮುಂದೆ ಕತ್ತೆಯೂ ಸಂಭಾವಿತ ಪ್ರಾಣಿ. ದವಡೆ ಹಲ್ಲು ಹುಳುಕು ಹಿಡಿದು ಕೆನ್ನೆ ಬನ್ನಿನಂತೆ ಊದಿದ್ದರೂ ಡಾಕ್ಟರ ಹೆಸರೆತ್ತುವಂತಿಲ್ಲ. ಬೇವಿನ ತೊಗಟೆ, ಲವಂಗ ಕುದಿಸಿದ ಕಷಾಯವೊಂದಿದ್ದರೆ ಸಾಕು. ನಾನೋ ದಂತ ಕಾಲೇಜಿನ ಲ್ಯಾಬಿನವಳು. ಕೀವು ಕುತ್ತಿಗೆಗಿಳಿದು ಉಸಿರಿಗೆ ಒದ್ದಾಡಿದವರನ್ನು ಕಣ್ಣಾರೆ ಕಂಡಿದ್ದೇನೆ. ನನಗೆ ನಿಜಕ್ಕೂ ಭಯವಾಗಿತ್ತು.

"ಪಂಥ ಕಟ್ಟೋಣ," ಎಂದೆ. "ನಿಮ್ಮ ಹಲ್ಲಿನ ಕ್ರಿಮೀನ ಲ್ಯಾಬಿನ ಗಾಜಿನ ತಟ್ಟೇಲಿ ಬೆಳೆಸ್ತೀನಿ. ಕಷಾಯದಲ್ಲಿ ಅದ್ದಿದ ಕಾಗದದ ಬಿಲ್ಲೆ ಮಧ್ಯೆ ಇಡ್ತೀನಿ. ಕ್ರಿಮಿ ಸತ್ರೆ ಡಾಕ್ಟರ್ ಮಾತೇ ಎತ್ತಲ್ಲ. ಸಾಯದಿದ್ರೆ ನೀವು ತೆಪ್ಪಗೆ ಕುರ್ಚಿ ಹತ್ತಬೇಕು."

"ಆಗ್ಲಿ ಕಣೇ. ನಿನ್ನ ಓದೋ, ನನ್ನ ಒರಳೋ, ನೋಡೇ ಬಿಡೋಣ."

ಹತ್ತಿಕಡ್ಡಿಯಲ್ಲಿ ಹಲ್ಲಿನ ಕ್ರಿಮಿ ತೆಗೆದು ತಟ್ಟೆಗೆ ಸವರಿ, ಬಿಲ್ಲೆಯಿಟ್ಟು, ಲ್ಯಾಬಿನ ಬೆಚ್ಚನೆಯ ಪೆಟ್ಟಿಗೆಯಲ್ಲಿ ಇಡೀ ದಿನ ಬಿಟ್ಟೆ. ತೆಗೆದು ನೋಡಿದೆ. ಬಿಲ್ಲೆಯ ಸುತ್ತ ಒಂದು ಕ್ರಿಮಿಯೂ ಇಲ್ಲದ ದೊಡ್ಡ ವೃತ್ತ! ಸುಳ್ಳು ಹೇಳಲು ನಾಲಿಗೆ ತುರಿಸಿತು. ಆದರೆ ಕಂಡದ್ದನ್ನು ಕಂಡಂತೆ ಹೇಳದಿದ್ದರೆ ಈ ಕೆಲಸವಾದರೂ ಯಾಕೆ?

ಅತ್ತೆಯ ಜಂಬ ನೋಡಬೇಕಿತ್ತು. ಊದಿದ ಕೆನ್ನೆಯಲ್ಲೇ ತಮ್ಮ ತಂಗಿಗೆ ಫೋನ್ ಮಾಡಿ ಕೊಚ್ಚಿಕೊಂಡರು.

"ಅತ್ತೆ, ತಟ್ಟೇಲಿ ಕಷಾಯ ಇಡೀ ದಿನ ಕ್ರಿಮಿ ಮೇಲೇ ಕೂತಿತ್ತು," ಎಂದೆ. "ನೀವು ಒಂದು ಸಲ ಮುಕ್ಕಳಿಸಿ ಉಗಿದ್ರೆ ಹಲ್ಲಿನ ತೂತೊಳಗೆ ಇರೋದಕ್ಕೆ ಏನಾಗುತ್ತೆ?"

"ಅಷ್ಟೇ ತಾನೆ? ನಾನೂ ಇಡೀ ದಿನ ಬಾಯಲ್ಲೇ ಇಟ್ಕೋತೀನಿ!"

ಮರುದಿನ ಬೆಳಿಗ್ಗೆ ಬಾಯಿ ತುಂಬ ಕಷಾಯ ಹೊತ್ತು ಕೂತರು. ಅಬ್ಬಾ! ಅಡುಗೆಮನೆಯ ನಲ್ಲಿ ಸೋರುವ ಸದ್ದು ನನಗೆ ಅಂದೇ ಮೊದಲು ಕೇಳಿಸಿದ್ದು. ಮಾವ ಪೇಪರನ್ನು ಕೊನೆಯ ಪುಟದವರೆಗೂ ಓದಿ, "ಕಷಾಯ ನಾಳೆಗೂ ಇದೆಯೇನಮ್ಮಾ?" ಎಂದು ಕೇಳಿದರು. ಅತ್ತೆ ಕಣ್ಣಲ್ಲೇ ಸುಟ್ಟರು.

ಅಷ್ಟರಲ್ಲಿ ತಂಗಿಯ ಫೋನ್ ಬಂತು. ಸ್ಪೀಕರ್ ಒತ್ತಿ ಅತ್ತೆಯ ಮುಂದಿಟ್ಟೆ.

"ಅಕ್ಕಾ, ಆ ಕಷಾಯ ನಾನೇ ಹೇಳಿಕೊಟ್ಟಿದ್ದು ಅಂತ ಎಲ್ಲರಿಗೂ ಹೇಳ್ದೆ. ಏನು, ಮಾತೇ ಇಲ್ಲ? ಸರಿ, ಒಪ್ಕೊಂಡ್ಯಲ್ಲ!"

ಅತ್ತೆ ಸಿಂಕಿಗೆ ಓಡಿ ಥೂ ಎಂದು ಉಗಿದವರೇ, "ನೀನಾ? ತೊಗಟೆ ಯಾವ್ದು, ಸೌದೆ ಯಾವ್ದು ಗೊತ್ತೇನೇ ನಿಂಗೆ?" ಎಂದು ಶುರುಮಾಡಿ ತಂಗಿಯ ಜನ್ಮ ಜಾಲಾಡಿದರು. ಕೊನೆಗೆ ಫೋನ್ ಇಟ್ಟು, ಕೆನ್ನೆ ಹಿಡಿದುಕೊಂಡು ಕೂತರು. ಕಣ್ಣಲ್ಲಿ ನೀರಿತ್ತು.

"ಡಾಕ್ಟರ್ ಹತ್ರ ಕರ್ಕೊಂಡು ಹೋಗೇ," ಎಂದರು. "ಹಲ್ಲು ಬೇಕಾದ್ರೆ ಹೋಗ್ಲಿ. ಅವಳಿಗೆ ಉತ್ತರ ಕೊಡದೆ ಒಂದು ದಿನ ಕೂತ್ರೆ ನನ್ನ ಪ್ರಾಣಾನೇ ಹೋಗುತ್ತೆ."